ಕದ್ದಾಲಿಕೆ ಬಯಲಾದಾಗ ನಾವು ಯಾರ ಮುಖ ನೋಡುತ್ತೇವೆ?

(ಹಾಸನದಲ್ಲಿ ವಕೀಲರು, ಪತ್ರಕರ್ತರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಫೋನ್ ಕದ್ದಾಲಿಕೆ ಅಂದರೆ ಅಮೆರಿಕದ ಸುದ್ದಿ, ಇಲ್ಲವೇ ದಿಲ್ಲಿಯ ಸುದ್ದಿ ಎಂದುಕೊಳ್ಳಬೇಡಿ. ಈ ಜಿಲ್ಲೆಗೆ ಅದು ಹಳೆಯ ಪರಿಚಯ. 1988ರಲ್ಲಿ ಉತ್ತರ ಪ್ರದೇಶದ ನಾಯಕ ಅಜಿತ್ ಸಿಂಗ್ ಮತ್ತು ನಮ್ಮ ಹೊಳೆನರಸೀಪುರದ ಎಚ್.ಡಿ. ದೇವೇಗೌಡರು ಫೋನಿನಲ್ಲಿ ಆಡಿದ್ದು ಎನ್ನಲಾದ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು. ಅಲ್ಲಿಂದ ಎದ್ದ ಗಲಾಟೆಯಲ್ಲಿ ಆ ವರ್ಷದ ಆಗಸ್ಟ್‌ನಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಬಂದರು. 2019ರ ಆಗಸ್ಟ್‌ನಲ್ಲಿ, ಹಿಂದಿನ ಮೈತ್ರಿ ಸರ್ಕಾರದ ಕಾಲದಲ್ಲಿ ಕದ್ದಾಲಿಕೆ ನಡೆದಿದೆ ಎಂಬ ಆರೋಪವನ್ನು ಯಡಿಯೂರಪ್ಪ ಸರ್ಕಾರ ಸಿಬಿಐಗೆ ಒಪ್ಪಿಸಿತು. 2021ರ ಜುಲೈನಲ್ಲಿ ಪೆಗಾಸಸ್ ಎಂಬ ಗೂಢಚರ್ಯೆ ತಂತ್ರಾಂಶದ ಸುದ್ದಿ ಬಂದಾಗ, ಗುರಿಯಾಗಿರಬಹುದಾದ ನಂಬರುಗಳಲ್ಲಿ ಜಿ. ಪರಮೇಶ್ವರ ಅವರದ್ದೂ, ಕುಮಾರಸ್ವಾಮಿ ಮತ್ತು ಸಿದ್ದರಾಮಯ್ಯ ಅವರ ಕಾರ್ಯದರ್ಶಿಗಳದ್ದೂ ಇವೆ ಎಂದು ವರದಿಯಾಯಿತು.

ಪ್ರತಿ ಸಲವೂ ನಾವು ಮೊದಲು ಕೇಳಿದ್ದು ಒಂದೇ ಪ್ರಶ್ನೆ: ಇದರಿಂದ ಯಾರಿಗೆ ಲಾಭ? ಕದ್ದಾಲಿಕೆ ತಪ್ಪೋ ಸರಿಯೋ ಎಂಬುದು ನಂತರ. ನಮ್ಮ ಪಕ್ಷದ ಫೋನ್ ಕೇಳಿದ್ದರೆ ಪ್ರಜಾಪ್ರಭುತ್ವದ ಕೊಲೆ, ಆಚೆಯವರದ್ದಾದರೆ 'ಏನೋ ಕಾರಣ ಇದ್ದಿರಬೇಕು'. ಬಯಲು ಮಾಡಿದವರ ಬಗೆಗಿನ ತೀರ್ಪೂ ಇದೇ ತಕ್ಕಡಿಯಲ್ಲಿ ತೂಗುತ್ತದೆ.

ಇದು ನಮ್ಮ ಊರಿನವರ ದೋಷ ಮಾತ್ರ ಅಲ್ಲ. ಅಮೆರಿಕದಲ್ಲಿ ಇದನ್ನು ಅಳೆದು ನೋಡಿದ್ದಾರೆ. ಬುಷ್ ಕಾಲದ ಕದ್ದಾಲಿಕೆ ಹೊರಬಿದ್ದ ಮೇಲೆ, 2006ರ ಜನವರಿಯ ಸಮೀಕ್ಷೆಯಲ್ಲಿ ರಿಪಬ್ಲಿಕನ್ನರಲ್ಲಿ 75 ಶೇಕಡ ಜನ ಅದನ್ನು ಒಪ್ಪಿದ್ದರು, ಡೆಮಾಕ್ರಟರಲ್ಲಿ 37 ಶೇಕಡ. 2013ರ ಜೂನ್‌ನಲ್ಲಿ, ಒಬಾಮಾ ಅಧ್ಯಕ್ಷರಾಗಿದ್ದಾಗ, ಪ್ಯೂ ಎಂಬ ಸಮೀಕ್ಷಾ ಸಂಸ್ಥೆ ಮತ್ತು ವಾಷಿಂಗ್ಟನ್ ಪೋಸ್ಟ್ ಸೇರಿ ಅಲ್ಲಿನ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಬಗ್ಗೆ ಕೇಳಿದಾಗ ರಿಪಬ್ಲಿಕನ್ನರು 52ಕ್ಕೆ ಇಳಿದಿದ್ದರು, ಡೆಮಾಕ್ರಟರು 64ಕ್ಕೆ ಏರಿದ್ದರು. ಎರಡು ಸಲ ಕೇಳಿದ ಪ್ರಶ್ನೆ ಅಕ್ಷರಶಃ ಒಂದೇ ಅಲ್ಲ: ಮೊದಲನೆಯದು ನ್ಯಾಯಾಲಯದ ಅನುಮತಿ ಇಲ್ಲದೆ ಮಾತು ಕೇಳುವುದರ ಬಗ್ಗೆ, ಎರಡನೆಯದು ಗುಪ್ತ ನ್ಯಾಯಾಲಯದ ಆದೇಶದ ಮೇಲೆ ಕರೆ ದಾಖಲೆ ಪಡೆಯುವುದರ ಬಗ್ಗೆ. ಆದರೂ ಎರಡು ಪಕ್ಷದವರು ಹೀಗೆ ಜಾಗ ಅದಲುಬದಲು ಮಾಡಿಕೊಂಡದ್ದಕ್ಕೆ ಪ್ರಶ್ನೆಯ ವ್ಯತ್ಯಾಸವೊಂದೇ ಕಾರಣ ಎಂದು ನಾನು ನಂಬುವುದಿಲ್ಲ.

ಇನ್ನು ಎಡ್ವರ್ಡ್ ಸ್ನೋಡೆನ್. ಹವಾಯಿಯಲ್ಲಿ ಎನ್‌ಎಸ್‌ಎಗೆ ಗುತ್ತಿಗೆ ಕಂಪನಿಯ ಮೂಲಕ ಕೆಲಸ ಮಾಡುತ್ತಿದ್ದ 29 ವರ್ಷದ ಹುಡುಗ. 2013ರ ಜೂನ್ 5ರಂದು ಗಾರ್ಡಿಯನ್ ಪತ್ರಿಕೆ ಮೊದಲ ದಾಖಲೆ ಪ್ರಕಟಿಸಿತು: ವೆರಿಝಾನ್ ಕಂಪನಿಯ ಒಂದು ವಿಭಾಗ ತನ್ನ ಗ್ರಾಹಕರ ಎಲ್ಲ ಕರೆ ವಿವರಗಳನ್ನು ದಿನದಿನವೂ ಎನ್‌ಎಸ್‌ಎಗೆ ಒಪ್ಪಿಸಬೇಕು ಎಂಬ ಗುಪ್ತ ಆದೇಶ. ಜೂನ್ 9ಕ್ಕೆ ಆತ ತಾನೇ ಹೆಸರು ಹೇಳಿಕೊಂಡ. ಮುಂದಿನ ತಿಂಗಳು ಕ್ವಿನಿಪಿಯಾಕ್ ವಿಶ್ವವಿದ್ಯಾಲಯದವರು 'ಈತ ವಿಷಲ್‌ಬ್ಲೋವರೋ (ಅಂದರೆ ಒಳಗಿನ ಅಕ್ರಮ ಬಯಲು ಮಾಡಿದವನೋ), ದ್ರೋಹಿಯೋ' ಎಂದು ಕೇಳಿದರು. 55 ಶೇಕಡ ವಿಷಲ್‌ಬ್ಲೋವರ್ ಎಂದರು, 34 ಶೇಕಡ ದ್ರೋಹಿ ಎಂದರು. ಪ್ಯೂ ಸಂಸ್ಥೆ 2014ರ ಜನವರಿಯಲ್ಲಿ ಬೇರೆ ರೀತಿ ಕೇಳಿತು. ಸೋರಿಕೆಯಿಂದ ಸಾರ್ವಜನಿಕ ಹಿತ ಆಯಿತು ಎಂದವರು 45, ಹಾನಿಯಾಯಿತು ಎಂದವರು 43. ಆದರೆ ಆತನ ಮೇಲೆ ಮೊಕದ್ದಮೆ ನಡೆಸಬೇಕು ಎಂದವರು 56!

ಹಾಗಾದರೆ ಜನರ ಅಭಿಪ್ರಾಯ ಏನು? ದ್ರೋಹಿ ಎನ್ನಲು ಬಾಯಿ ಬರುವುದಿಲ್ಲ, ಸುಮ್ಮನೆ ಬಿಡಲು ಮನಸ್ಸಿಲ್ಲ. ವಿಷಯ ತಿಳಿದದ್ದು ಒಳ್ಳೆಯದಾಯಿತು, ತಿಳಿಸಿದವನಿಗೆ ಶಿಕ್ಷೆಯಾಗಲಿ. ಈ ಎರಡೂ ಒಂದೇ ತಲೆಯಲ್ಲಿ ಇರಬಲ್ಲವು ಎಂಬುದನ್ನು ಪತ್ರಕರ್ತರು ಮುಖ್ಯವಾಗಿ ಗಮನಿಸಬೇಕು. 'ಹೀರೋನಾ ವಿಲನ್ನಾ' ಎಂದು ಟಿ.ವಿ.ಯಲ್ಲಿ ಕೇಳಿದರೆ ಜನರ ನಿಜವಾದ ಗೊಂದಲ ಹೊರಗೆ ಬರುವುದೇ ಇಲ್ಲ.

ನಮ್ಮ ದೇಶದ ಪ್ರತಿಕ್ರಿಯೆ ಏನಿತ್ತು ಗೊತ್ತೇ? ಸ್ನೋಡೆನ್ ಹೊರತಂದ ದಾಖಲೆಗಳ ಪ್ರಕಾರ 2013ರ ಮಾರ್ಚ್ ಒಂದೇ ತಿಂಗಳಲ್ಲಿ ಎನ್‌ಎಸ್‌ಎ ಭಾರತದಿಂದ ಎತ್ತಿಕೊಂಡ ಮಾಹಿತಿ ತುಣುಕುಗಳು 630 ಕೋಟಿ. ಇರಾನ್, ಪಾಕಿಸ್ತಾನ, ಜೋರ್ಡಾನ್, ಈಜಿಪ್ಟ್ ಬಿಟ್ಟರೆ ಮುಂದಿನ ಹೆಸರು ನಮ್ಮದು. ಆಗಿನ ವಿದೇಶಾಂಗ ಸಚಿವ ಸಲ್ಮಾನ್ ಖುರ್ಷಿದ್ ಇದು ನಿಜವಾಗಿ ಗೂಢಚರ್ಯೆ ಅಲ್ಲ, ಕರೆಗಳ ಮಾದರಿಯ ಅಧ್ಯಯನ ಎಂಬ ಅರ್ಥದ ಮಾತಾಡಿದರು. ಸ್ನೋಡೆನ್ ಆಶ್ರಯ ಕೇಳಿದ ದೇಶಗಳಲ್ಲಿ ಭಾರತವೂ ಒಂದು. ನಾವು ಇಲ್ಲ ಎಂದೆವು. ಇದರ ಬಗ್ಗೆ ಇಲ್ಲಿ ಜನ ದೊಡ್ಡದಾಗಿ ಬೀದಿಗೆ ಇಳಿಯಲಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಜರ್ಮನಿಯ ಚಾನ್ಸಲರ್ ಮರ್ಕೆಲ್ ಅವರ ಮೊಬೈಲ್ ವಿಷಯ ಬಂದಾಗ ಆ ದೇಶ ಕೆರಳಿತು, ಮುಂದಿನ ವರ್ಷ ಅವರ ಸಂಸತ್ತು ವಿಚಾರಣಾ ಸಮಿತಿ ನೇಮಿಸಿತು.

ನಮ್ಮಲ್ಲಿ ಯಾಕೆ ಈ ತಣ್ಣಗಿನ ಪ್ರತಿಕ್ರಿಯೆ? ನನಗೆ ಕಾಣುವ ಕಾರಣ ಎರಡು. ಒಂದು, 'ನಮ್ಮ ಹತ್ತಿರ ಮುಚ್ಚಿಡೋಕೆ ಏನಿದೆ' ಎಂಬ ನಂಬಿಕೆ. ಇನ್ನೊಂದು, ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಸಂಸ್ಕಾರ. ಸರ್ಕಾರದ ಸಂಬಳ ತಿಂದು ಸರ್ಕಾರದ ಗುಟ್ಟು ಹೊರಗೆ ಹಾಕುವವನನ್ನು ನಾವು ಒಳಗೊಳಗೇ ಚಾಡಿಕೋರ ಎಂದು ಕಾಣುತ್ತೇವೆ.

ಮೊದಲನೆಯದನ್ನು ತೆಗೆದುಕೊಳ್ಳಿ. ಮಾತು ಕೇಳುವುದು ಬೇರೆ, ಕರೆ ವಿವರ ತೆಗೆಯುವುದು ಬೇರೆ. ಕರೆ ವಿವರದಲ್ಲಿ, ಪೊಲೀಸರು ಸಿಡಿಆರ್ ಎನ್ನುತ್ತಾರಲ್ಲ, ಅದರಲ್ಲಿ ಮಾತು ಇರುವುದಿಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡು, ಯಾವ ಹ್ಯಾಂಡ್‌ಸೆಟ್, ಯಾವ ಟವರ್ ಎಂಬುದು ಇರುತ್ತದೆ. ಹಾಸನ ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ನೀವು ಯಾವ ಬಡಾವಣೆಯಲ್ಲಿದ್ದಿರಿ ಎಂಬುದು ಸುಮಾರಾಗಿ ಸಿಗುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಒಂದೇ ಟವರ್ ಮೈಲುಗಟ್ಟಲೆ ಹರಡಿರುತ್ತದೆ, ಅಲ್ಲಿ ಅಂದಾಜು ಮಸುಕು. ಇದು ವಕೀಲರಿಗೆ ಮುಖ್ಯ: ಮಲೆನಾಡಿನಲ್ಲಿ 'ಟವರ್ ಲೊಕೇಶನ್ ಸಿಕ್ಕಿದೆ' ಎಂದ ಮಾತ್ರಕ್ಕೆ ಆ ಮನುಷ್ಯ ಆ ಜಾಗದಲ್ಲೇ ಇದ್ದ ಎಂದಾಗುವುದಿಲ್ಲ.

ಒಬ್ಬ ಹೆಣ್ಣುಮಗಳು ಬೆಳಿಗ್ಗೆ ಹೆರಿಗೆ ಆಸ್ಪತ್ರೆಗೆ, ಆಮೇಲೆ ತಾಯಿಗೆ, ರಾತ್ರಿ ವಕೀಲರಿಗೆ ಫೋನ್ ಮಾಡಿದಳು ಎಂದಿಟ್ಟುಕೊಳ್ಳಿ. ಮಾತು ಕೇಳದಿದ್ದರೂ ಕಥೆ ಗೊತ್ತಾಯಿತಲ್ಲ? ಎನ್‌ಎಸ್‌ಎ ಮುಖ್ಯಸ್ಥರಾಗಿದ್ದ ಮೈಕೆಲ್ ಹೇಡನ್ 2014ರಲ್ಲಿ ಸಾರ್ವಜನಿಕ ವೇದಿಕೆಯಲ್ಲೇ, ಇಂಥ ವಿವರಗಳ ಆಧಾರದ ಮೇಲೆ ನಾವು ಜನರನ್ನು ಕೊಲ್ಲುತ್ತೇವೆ ಎಂದರು. ನಮ್ಮಲ್ಲಿ ಮಾತು ಕೇಳಲು ಗೃಹ ಕಾರ್ಯದರ್ಶಿಯ ಆದೇಶ ಬೇಕು. ಕರೆ ವಿವರಕ್ಕೆ ಎಸ್‌ಪಿ ದರ್ಜೆಯ ಅಧಿಕಾರಿ ಕೇಳಿದರೆ ಸಾಕು. ಕಂಪನಿಗಳು ಅದನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಂಡಿರಬೇಕು ಎಂದು 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತು ಬದಲಾಯಿತು. ಅದಕ್ಕೆ ಮುಂಚೆ ಒಂದು ವರ್ಷ ಇತ್ತು.

ಎರಡನೆಯ ಕಾರಣ, ಚಾಡಿಯ ಮಾತು. ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು, ಏಕೆಂದರೆ ನಾನು ಇವತ್ತು ಹೇಳಬೇಕೆಂದಿರುವುದೇ ಇದು.

ರಸ್ತೆ ಕಳಪೆಯಾದರೆ ಗುಂಡಿ ಕಣ್ಣಿಗೆ ಕಾಣುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕಡಿಮೆ ತೂಗಿದರೆ ಮನೆಯಲ್ಲಿ ಅಳೆದು ನೋಡಬಹುದು. ಕಣ್ಗಾವಲು ಹಾಗಲ್ಲ. ಅನ್ಯಾಯಕ್ಕೆ ಒಳಗಾದವನಿಗೆ ತನಗೆ ಅನ್ಯಾಯವಾಗಿದೆ ಎಂದೇ ಗೊತ್ತಿರುವುದಿಲ್ಲ. ಗೊತ್ತಿಲ್ಲದವನು ದೂರು ಕೊಡುವುದು ಹೇಗೆ? 2013ರ ಫೆಬ್ರವರಿ 26ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆಮ್ನೆಸ್ಟಿ ಸಂಸ್ಥೆ ಮತ್ತಿತರರ ಅರ್ಜಿಯನ್ನು 5-4ರ ಬಹುಮತದಲ್ಲಿ ತಳ್ಳಿಹಾಕಿತು. ನಿಮ್ಮ ಮೇಲೆ ಕಣ್ಗಾವಲು ಇದೆ ಎಂಬುದಕ್ಕೆ ಖಚಿತ ಆಧಾರ ಇಲ್ಲ, ಆದ್ದರಿಂದ ಮೊಕದ್ದಮೆ ಹೂಡುವ ಹಕ್ಕೇ ಇಲ್ಲ, ಎಂದಿತು. ಮಾರ್ಚ್ 12ರಂದು ಗುಪ್ತಚರ ನಿರ್ದೇಶಕ ಜೇಮ್ಸ್ ಕ್ಲಾಪರ್ ಸೆನೆಟ್ ಸಮಿತಿಯ ಮುಂದೆ, ಕೋಟ್ಯಂತರ ಅಮೆರಿಕನ್ನರ ಮಾಹಿತಿಯನ್ನು ನಾವು ಗೊತ್ತಿದ್ದೂ ಸಂಗ್ರಹಿಸುವುದಿಲ್ಲ ಎಂದರು. ಜೂನ್‌ನಲ್ಲಿ ಆ ಗುಪ್ತ ಆದೇಶದ ಪ್ರತಿ ಹೊರಬಿತ್ತು. ವೆರಿಝಾನ್ ಗ್ರಾಹಕರಿಗೆ ಕೋರ್ಟಿಗೆ ಹೋಗಲು ಆಗ ಕೈಯಲ್ಲಿ ಕಾಗದ ಸಿಕ್ಕಿತು. 2015ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಆ ಸಂಗ್ರಹಕ್ಕೆ ಕಾನೂನಿನ ಬೆಂಬಲ ಇಲ್ಲ ಎಂದಿತು, ಜೂನ್‌ನಲ್ಲಿ ಕಾನೂನೇ ಬದಲಾಯಿತು.

ಕೋರ್ಟು, ಸಂಸತ್ತು ಎರಡೂ ಅಲ್ಲೇ ಇದ್ದವು. ಎರಡಕ್ಕೂ ಕಾಗದ ಸಿಕ್ಕದೆ ಕೈ ಕಟ್ಟಿತ್ತು. ಕಣ್ಗಾವಲಿನ ವಿಷಯದಲ್ಲಿ ಒಳಗಿನವರ ಮಾತು ಬಿಟ್ಟರೆ ಹೊರಗಿನವರಿಗೆ ಬೇರೆ ಕಿಂಡಿ ಇಲ್ಲವೆಂದೇ ಹೇಳಬೇಕು. ಚಾಡಿ ಎಂದು ಅದನ್ನು ಮುಚ್ಚಿದರೆ ಕತ್ತಲೆ ನಮಗೇ.

ಇಲ್ಲಿ ಒಂದು ಉಪಕಥೆ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ದೇಶದ ಕದ್ದಾಲಿಕೆ ಕಾನೂನಿಗೆ ತಳಪಾಯವಾದ ತೀರ್ಪು ಪಿಯುಸಿಎಲ್ ಎಂಬ ನಾಗರಿಕ ಹಕ್ಕು ಸಂಘಟನೆ ಹೂಡಿದ ಪ್ರಕರಣದಲ್ಲಿ 1996ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ ಕೊಟ್ಟದ್ದು. ಅದು ಹುಟ್ಟಿದ್ದೂ ಹೊರಗೆ ಬಂದ ಒಂದು ಕಾಗದದಿಂದಲೇ: ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಬಗ್ಗೆ ಸಿಬಿಐ ತಯಾರಿಸಿದ ವರದಿ 1991ರ ಮಾರ್ಚ್‌ನಲ್ಲಿ ಒಂದು ವಾರಪತ್ರಿಕೆಯಲ್ಲಿ ಅಚ್ಚಾಗಿತ್ತು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಹೇಳಿದ ತೀರ್ಪಿನ ಅರ್ಜಿದಾರರು ಕೆ.ಎಸ್. ಪುಟ್ಟಸ್ವಾಮಿ, ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಇಂಥವರನ್ನು ಹಕ್ಕಿನ ಹೋರಾಟಗಾರರು ಎಂದು ಗೌರವಿಸುತ್ತೇವೆ. ಆ ಕಾಗದ ಹೊರತಂದವರಿಗೆ ಅದೇ ಗೌರವ ಕೊಡಲು ಹಿಂಜರಿಯುತ್ತೇವೆ.

'ಕದ್ದಾಲಿಕೆ ಆದೇಶಗಳ ಪರಿಶೀಲನೆಗೆ ಸಮಿತಿ ಇದೆಯಲ್ಲ' ಎನ್ನುವವರಿದ್ದಾರೆ. ಇದೆ. ಆದೇಶಕ್ಕೆ ಎರಡು ತಿಂಗಳ ಆಯುಷ್ಯ, ಮುಂದುವರಿಸಿದರೂ ಒಟ್ಟು ಆರು ತಿಂಗಳು. ತುರ್ತಿನಲ್ಲಿ ಕೆಳಗಿನ ಅಧಿಕಾರಿ ಶುರು ಮಾಡಿದರೆ ಮೂರು ಕೆಲಸದ ದಿನದೊಳಗೆ ಮೇಲಕ್ಕೆ ತಿಳಿಸಬೇಕು, ಏಳು ಕೆಲಸದ ದಿನದಲ್ಲಿ ಒಪ್ಪಿಗೆ ಸಿಗದಿದ್ದರೆ ನಿಲ್ಲಿಸಬೇಕು. ಟೆಲಿಗ್ರಾಫ್ ನಿಯಮಗಳ ಹಳೆಯ 419ಎ ನಿಯಮದಲ್ಲೂ ಹೀಗೇ ಇತ್ತು, 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮಗಳಲ್ಲೂ ಹೀಗೇ ಇದೆ. ರಾಜ್ಯದಲ್ಲಿ ಸಮಿತಿಯ ಅಧ್ಯಕ್ಷರು ಮುಖ್ಯ ಕಾರ್ಯದರ್ಶಿ. ಎಲ್ಲರೂ ಅಧಿಕಾರಿಗಳೇ, ನ್ಯಾಯಾಧೀಶರು ಒಬ್ಬರೂ ಇಲ್ಲ. ಸಮಿತಿ ಎರಡು ತಿಂಗಳಿಗೊಮ್ಮೆ ಸೇರಬೇಕು.

ಈಗ ಲೆಕ್ಕ ನೋಡಿ. 2013ರ ಮಾಹಿತಿ ಹಕ್ಕು ಉತ್ತರವೊಂದರ ಪ್ರಕಾರ ಕೇಂದ್ರ ಸರ್ಕಾರ ಒಂದೇ ತಿಂಗಳಿಗೆ ಸರಾಸರಿ 7,500ರಿಂದ 9,000 ಕದ್ದಾಲಿಕೆ ಆದೇಶ ಕೊಡುತ್ತಿತ್ತು. ಅಂದರೆ ಸಮಿತಿಯ ಒಂದು ಸಭೆಗೆ 15,000ದಿಂದ 18,000. ಮಾಹಿತಿ ರಕ್ಷಣೆಯ ಕಾನೂನಿಗಾಗಿ ನೇಮಿಸಿದ್ದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ 2018ರ ವರದಿಯಲ್ಲಿ ಇದೇ ಅಂಕಿಯನ್ನು ಎತ್ತಿ ತೋರಿಸಿತು. ಊಟ, ಕಾಫಿ ಬಿಟ್ಟು ಎಂಟು ಗಂಟೆ ಕೂತರೂ 28,800 ಸೆಕೆಂಡು. ಒಂದು ಆದೇಶಕ್ಕೆ ಎರಡು ಸೆಕೆಂಡೂ ಇಲ್ಲ. ಕಡತದ ದಾರ ಬಿಚ್ಚಲು ಅದು ಸಾಲದು. ಜೊತೆಗೆ, ನಿಮ್ಮ ಫೋನ್ ಕೇಳಿದ್ದೆವು ಎಂದು ಆಮೇಲಾದರೂ ನಿಮಗೆ ತಿಳಿಸಬೇಕು ಎಂಬ ನಿಯಮ ನಮ್ಮಲ್ಲಿ ಇಲ್ಲ.

ಹಾಗಾದರೆ ಸ್ನೋಡೆನ್ ಒಳಗೇ ದೂರು ಕೊಡಬೇಕಿತ್ತು, ಬೀದಿಗೆ ಯಾಕೆ ತಂದ? ಜನರ ಬಾಯಲ್ಲಿ ಹೆಚ್ಚು ಕೇಳುವ ಆಕ್ಷೇಪ ಇದು, ನ್ಯಾಯವಾದ ಆಕ್ಷೇಪವೂ ಹೌದು. ಆದರೆ ಕೇಳುವ ಮುಂಚೆ ಆ ಬಾಗಿಲು ಇದೆಯೇ ನೋಡಬೇಕು. ಎನ್‌ಎಸ್‌ಎಯ ಥಾಮಸ್ ಡ್ರೇಕ್ ಮೇಲಧಿಕಾರಿಗಳಿಗೆ, ಇನ್ಸ್‌ಪೆಕ್ಟರ್ ಜನರಲ್ ಕಚೇರಿಗೆ, ಸಂಸತ್ ಸಮಿತಿಯವರಿಗೆ ಹೇಳಿದ ಮೇಲೆಯೇ ಪತ್ರಕರ್ತರ ಹತ್ತಿರ ಹೋದದ್ದು. 2007ರಲ್ಲಿ ಎಫ್‌ಬಿಐ ಮನೆಗೆ ನುಗ್ಗಿತು. 2010ರಲ್ಲಿ 35 ವರ್ಷ ಜೈಲು ಆಗಬಹುದಾದ ಹತ್ತು ಆರೋಪ. 2011ರಲ್ಲಿ ಎಲ್ಲ ಬಿದ್ದುಹೋಗಿ ಸಣ್ಣ ತಪ್ಪೊಂದಕ್ಕೆ ಒಂದು ವರ್ಷದ ಪ್ರೊಬೇಷನ್, 240 ಗಂಟೆ ಸಮಾಜಸೇವೆ. ಕೆಲಸವಂತೂ ಹೋಯಿತು. ಸ್ನೋಡೆನ್ ಗುತ್ತಿಗೆ ನೌಕರ. 2012ರ ಅಕ್ಟೋಬರ್‌ನಲ್ಲಿ ಒಬಾಮಾ ಗುಪ್ತಚರ ನೌಕರರಿಗೆ ಕೊಟ್ಟ ರಕ್ಷಣೆಯ ಆದೇಶ ಗುತ್ತಿಗೆಯವರಿಗೆ ಅನ್ವಯಿಸುತ್ತಿರಲಿಲ್ಲ.

ನಮ್ಮಲ್ಲಿ ಇನ್ನೂ ಕಷ್ಟ. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಗುಟ್ಟಾಗಿಡಿ ಎಂದು ಕೇಳಿಕೊಂಡಿದ್ದ ಸತ್ಯೇಂದ್ರ ದುಬೆ 2003ರ ನವೆಂಬರ್ 27ರಂದು ಗಯಾದಲ್ಲಿ ಕೊಲೆಯಾದರು. ಕೆಜಿಎಫ್‌ನ ಮಂಜುನಾಥ್ ಷಣ್ಮುಗಂ ಪೆಟ್ರೋಲ್ ಕಲಬೆರಕೆ ತಡೆಯಲು ಹೋಗಿ 2005ರಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದರು. ಸಹಕಾರ ಇಲಾಖೆಯ ಎಸ್.ಪಿ. ಮಹಾಂತೇಶ್ 2012ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಹಲ್ಲೆಗೊಳಗಾಗಿ ತೀರಿಕೊಂಡರು. ಇವರ ವಿಷಯ ಕಣ್ಗಾವಲು ಅಲ್ಲ. ಆದರೂ ಹೇಳುತ್ತಿದ್ದೇನೆ, ಏಕೆಂದರೆ ಸತ್ತ ಮೇಲೆ ಇವರಿಗೆ ಮೇಣದಬತ್ತಿ ಹಚ್ಚಲು ನಾವು ಹಿಂಜರಿಯಲಿಲ್ಲ. ಬದುಕಿದ್ದು ವಾದ ಮಾಡುವವನನ್ನು, ದೇಶ ಬಿಟ್ಟು ಓಡಿದವನನ್ನು ಸಹಿಸುವುದು ನಮಗೆ ಕಷ್ಟ. ಇದು ನನಗೆ ತುಂಬ ನೋವಿನ ಸಂಗತಿ.

ದುಬೆ ಕೊಲೆಯ ನಂತರ 2004ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು, ಪಿಐಡಿಪಿಐ ಎಂದು ಕರೆಯುತ್ತಾರೆ. ಕೇಂದ್ರ ಸರ್ಕಾರಿ ನೌಕರರ ಭ್ರಷ್ಟಾಚಾರ ಅಥವಾ ಅಧಿಕಾರ ದುರುಪಯೋಗದ ಬಗ್ಗೆ ಕೇಂದ್ರ ಜಾಗೃತ ಆಯೋಗಕ್ಕೆ ದೂರು ಕೊಡುವ ದಾರಿ ಇದು. ವಿಧಾನ ಹೀಗೆ: ದೂರನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಮೇಲೆ ಈ ನಿರ್ಣಯದಡಿ ದೂರು ಎಂದು ಬರೆದು ಆಯೋಗದ ಕಾರ್ಯದರ್ಶಿಗೆ ಕಳಿಸಬೇಕು. ನಿಮ್ಮ ಹೆಸರು ವಿಳಾಸ ಲಕೋಟೆಯ ಮೇಲೆ ಇರಬಾರದು, ಒಳಗಿನ ಪತ್ರದ ಆರಂಭದಲ್ಲೋ ಕೊನೆಯಲ್ಲೋ ಇರಬೇಕು. ಹೆಸರಿಲ್ಲದ ದೂರು ತೆಗೆದುಕೊಳ್ಳುವುದಿಲ್ಲ. ಸ್ವೀಕೃತಿ ಪತ್ರವೂ ಬರುವುದಿಲ್ಲ, ಅದು ನಿಮ್ಮ ರಕ್ಷಣೆಗೇ. ಎಡವುವುದು ಎಲ್ಲಿ ಎಂದರೆ, ಲಕೋಟೆಯ ಹಿಂದೆ 'ಇವರಿಂದ' ಎಂದು ಅಭ್ಯಾಸಬಲದಿಂದ ಬರೆದುಬಿಡುವುದು, ಒಂದು ಪ್ರತಿ ಶಾಸಕರಿಗೆ, ಇನ್ನೊಂದು ವಾಟ್ಸ್ಯಾಪ್ ಗುಂಪಿಗೆ ಹಾಕುವುದು. ನೀವೇ ಹೆಸರು ಬಯಲು ಮಾಡಿದ ಮೇಲೆ ಗುಟ್ಟು ಕಾಯಿರಿ ಎಂದು ಆಯೋಗವನ್ನು ಕೇಳಿ ಫಲವಿಲ್ಲ.

ಆದರೆ ರಾಜ್ಯ ಸರ್ಕಾರಿ ನೌಕರರ ವಿರುದ್ಧದ ದೂರು ಇದರಡಿ ಬರುವುದಿಲ್ಲ. ಬೆಂಗಳೂರಿನಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತ ಪೊಲೀಸ್ ಸಿಬ್ಬಂದಿಗೆ, ತಾನು ಕೇಳುತ್ತಿರುವುದು ಅಪರಾಧಿಯ ಫೋನ್ ಅಲ್ಲ, ರಾಜಕೀಯ ಎದುರಾಳಿಯದ್ದು ಎಂದು ಅನಿಸಿದರೆ ಈ ಲಕೋಟೆ ಉಪಯೋಗಕ್ಕೆ ಬಾರದು. ಕೇಂದ್ರ, ರಾಜ್ಯ ಎರಡಕ್ಕೂ ಅನ್ವಯಿಸಬೇಕಿದ್ದ ವಿಷಲ್‌ಬ್ಲೋವರ್ ರಕ್ಷಣಾ ಕಾಯ್ದೆಗೆ 2014ರ ಮೇ 9ರಂದು ರಾಷ್ಟ್ರಪತಿ ಅಂಕಿತ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಬರಲೇ ಇಲ್ಲ. ಇತ್ತ 1923ರ ಅಧಿಕೃತ ರಹಸ್ಯ ಕಾಯ್ದೆ ಗಟ್ಟಿಯಾಗಿ ನಿಂತಿದೆ. ಅದರ 5ನೇ ಕಲಮು ಗುಟ್ಟು ಕೊಟ್ಟವರನ್ನಷ್ಟೇ ಅಲ್ಲ, ತಿಳಿದೂ ಪಡೆದವರನ್ನೂ ಹಿಡಿಯುತ್ತದೆ. 2021ರ ಮೇ 31ರಿಂದ ಗುಪ್ತಚರ ಸಂಸ್ಥೆಗಳ ನಿವೃತ್ತರು ಅನುಮತಿ ಇಲ್ಲದೆ ಸಂಸ್ಥೆಯ ಬಗ್ಗೆ ಬರೆದರೆ ಪಿಂಚಣಿಗೂ ಸಂಚಕಾರ.

ಎದುರು ಪಕ್ಷದ ಮಾತನ್ನೂ ಪೂರ್ತಿ ಕೇಳಬೇಕು. ಸ್ನೋಡೆನ್ ಎತ್ತಿಕೊಂಡು ಹೋದದ್ದು ಅಮೆರಿಕದ ನಾಗರಿಕರ ಮೇಲಿನ ಕಣ್ಗಾವಲಿನ ದಾಖಲೆ ಮಾತ್ರ ಆಗಿರಲಿಲ್ಲ, ಹೊರದೇಶದ ಗೂಢಚರ್ಯೆಯ ವಿವರಗಳೂ ಇದ್ದವು. ಆತ ರಷ್ಯಾದಲ್ಲಿ ನೆಲೆಸಿದ, 2022ರಲ್ಲಿ ಅಲ್ಲಿನ ಪೌರತ್ವ ಪಡೆದ. ಇದನ್ನು ಆಕ್ಷೇಪಿಸುವವರು ಮೂಢರಲ್ಲ. ಭಯೋತ್ಪಾದನೆ ತಡೆಯಲು ಗುಟ್ಟು ಬೇಕು ಎಂಬುದೂ ನಿಜ. ಆದರೆ ಆ ಕರೆ ದಾಖಲೆ ಸಂಗ್ರಹದ ಬಗ್ಗೆ ಅಮೆರಿಕ ಸರ್ಕಾರದ್ದೇ ಆದ ಖಾಸಗಿತನ ಮೇಲ್ವಿಚಾರಣಾ ಮಂಡಳಿ 2014ರ ಜನವರಿಯಲ್ಲಿ ಪರಿಶೀಲಿಸಿ, ಭಯೋತ್ಪಾದನೆಯ ಒಂದು ತನಿಖೆಯಲ್ಲೂ ಇದರಿಂದ ಫಲಿತಾಂಶ ಬದಲಾದದ್ದು ಕಾಣಲಿಲ್ಲ ಎಂದಿತು.

ಆದ್ದರಿಂದ ಮುಂದಿನ ಸಲ ಇಂಥ ಸುದ್ದಿ ಬಂದಾಗ ಮೊದಲು ಕಾಗದ ಓದಿ, ಮನುಷ್ಯನ ಗುಣದೋಷ ಆಮೇಲೆ. ಆದೇಶಕ್ಕೆ ಸಹಿ ಹಾಕಿದವರು ಯಾರು, ಯಾವ ಕಲಮು, ಯಾವ ತಾರೀಕು, ಅವಧಿ ಎಷ್ಟು? ಸರ್ಕಾರದ ಹೇಳಿಕೆ ಹೇಗಿದೆ ನೋಡಿ. 'ಈ ಕಾಗದ ಸುಳ್ಳು' ಎಂದರೆ ಒಂದು. 'ಕದ್ದವನನ್ನು ಬಿಡುವುದಿಲ್ಲ' ಎಂದರೆ ಕಾಗದ ನಿಜ ಎಂದು ಒಪ್ಪಿದ ಹಾಗೆ. ಪ್ರಕಟಿಸಿದವರು ಜೀವಕ್ಕೆ ಅಪಾಯ ಆಗಬಹುದಾದ ಹೆಸರುಗಳನ್ನು ಅಳಿಸಿದ್ದಾರೆಯೇ ನೋಡಿ. ಪತ್ರಕರ್ತರಿಗೆ ಒಂದು ಎಚ್ಚರಿಕೆ: 2017ರಲ್ಲಿ ಎನ್‌ಎಸ್‌ಎಗೆ ಕೆಲಸ ಮಾಡುತ್ತಿದ್ದ ರಿಯಾಲಿಟಿ ವಿನ್ನರ್ ಎಂಬ ಗುತ್ತಿಗೆ ನೌಕರಳು ಕಳಿಸಿದ ದಾಖಲೆಯ ಪ್ರತಿಯನ್ನು ಸುದ್ದಿಸಂಸ್ಥೆಯವರು ಖಚಿತಪಡಿಸಿಕೊಳ್ಳಲು ಸರ್ಕಾರಕ್ಕೇ ತೋರಿಸಿದರು. ಹಾಳೆಯ ಮಡಿಕೆ ನೋಡಿ ಅದು ಪ್ರಿಂಟ್ ತೆಗೆದದ್ದು ಎಂದು ತನಿಖೆಯವರು ಊಹಿಸಿದರು. ಪ್ರಿಂಟ್ ತೆಗೆದವರು ಒಟ್ಟು ಆರೇ ಜನ. ಆಕೆಗೆ 63 ತಿಂಗಳು ಜೈಲಾಯಿತು. ನಿಮಗೆ ಕಾಗದ ಬಂದರೆ ಅದೇ ಹಾಳೆಯನ್ನಾಗಲಿ, ಅದರ ಫೋಟೋವನ್ನಾಗಲಿ ಯಾರಿಗೂ ತೋರಿಸಬೇಡಿ. ಅದರಲ್ಲಿರುವ ಸಂಗತಿಯನ್ನು ನಿಮ್ಮ ಮಾತಿನಲ್ಲಿ ಬರೆದು ವಿಚಾರಿಸಿ.

ಗುಟ್ಟಿನ ಕಾಗದ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಇಲ್ಲಿರುವ ವಕೀಲರು, ವಿದ್ಯಾರ್ಥಿಗಳು ಇದೇ ವಾರ ಮಾಡಬಹುದಾದ ಕೆಲಸ ಒಂದಿದೆ. ರಾಜ್ಯ ಗೃಹ ಇಲಾಖೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ, ವಿಧಾನಸೌಧದ ವಿಳಾಸಕ್ಕೆ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದದೊಳಗೆ ಇರಬೇಕು. ಯಾರ ಫೋನ್ ಕೇಳಿದಿರಿ ಎಂದು ಕೇಳಿದರೆ 8ನೇ ಕಲಮಿನ ವಿನಾಯಿತಿ ತೋರಿಸಿ ತಿರಸ್ಕರಿಸುತ್ತಾರೆ. ಗುಪ್ತಚರ ವಿಭಾಗಕ್ಕೆ ಕಳಿಸಿದರೆ, ಅಂಥ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಡುವ 24ನೇ ಕಲಮು ತೋರಿಸಬಹುದು. ಹೆಸರು ಬೇಡ, ಸಂಖ್ಯೆ ಕೇಳಿ: ಕಳೆದ ಐದು ತಿಂಗಳಲ್ಲಿ ಹೊರಡಿಸಿದ ಆದೇಶ ಎಷ್ಟು, ಪರಿಶೀಲನಾ ಸಮಿತಿ ಸೇರಿದ ತಾರೀಕುಗಳು ಯಾವುವು, ಸಮಿತಿ ರದ್ದು ಮಾಡಿದ್ದು ಎಷ್ಟು. ಐದು ತಿಂಗಳು ಎಂದು ಯಾಕೆ ಹೇಳಿದೆ ಎಂದರೆ, ಆರು ತಿಂಗಳಿಗೊಮ್ಮೆ ಕದ್ದಾಲಿಕೆ ದಾಖಲೆ ನಾಶ ಮಾಡಬೇಕೆಂಬ ನಿಯಮ ಇದೆ. ತಡವಾಗಿ ಕೇಳಿದರೆ ದಾಖಲೆ ಉಳಿದಿಲ್ಲ ಎಂಬ ಉತ್ತರ ಬರುತ್ತದೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ, ಅದರಲ್ಲಿ 8(2)ನೇ ಕಲಮನ್ನು ಹೆಸರಿಸಿ: ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ರಹಸ್ಯ ಕಾಯ್ದೆ ಇದ್ದರೂ ಮಾಹಿತಿ ಕೊಡಬಹುದು ಎಂದು ಅದು ಹೇಳುತ್ತದೆ. ಮೇಲ್ಮನವಿಯ ಫಲ ಏನೇ ಆಗಲಿ, ಐದು ತಿಂಗಳು ಕಳೆದ ಕೂಡಲೇ ಮುಂದಿನ ಅರ್ಜಿ ಹಾಕಿ.